ಸಾಕ್ಷಿ ಕೋಣೆಯ ಮೈಕು

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಅವಳಿಗೆ ಹಸಿವಾಗಿತ್ತು. ಅದಕ್ಕೂ ನಾಚಿಕೆಯಾಯಿತು.

"ತಿನ್ನು. ನಾನೂ ತಿಂದೆ," ಎಂದರು ಅತ್ತೆ, ಬ್ರೆಡ್ಡಿನ ತಟ್ಟೆ ಮುಂದೆ ತಳ್ಳಿ. "ಕೋರ್ಟಿಂದ ಫೋನ್ ಬಂದಿತ್ತು. ಅವನು ತಂದಿಟ್ಕೊಂಡಿದ್ದ ಮೈಕು ಇವತ್ತು ಬೇಕಂತೆ. ಬಂದು ತಗೊಂಡು ಹೋಗ್ತಾರಂತೆ."

"ಬೇಡ ಅತ್ತೆ. ನಾನೇ ಕೊಟ್ಟು ಬರ್ತೀನಿ."

ಅವಳ ಗಂಡ ಪೊಲೀಸರಿಗೂ ಕೋರ್ಟಿಗೂ ಟೆಕ್ನಿಷಿಯನ್. ಅಂಗಡಿಗಳಿಂದ ಹಫ್ತಾ ಕೀಳುವ ರೌಡಿಗಳ ಮುಖ ಕಂಡರೆ ಸಾಕು, ಸಾಕ್ಷಿಗಳ ಬಾಯಿ ಕಟ್ಟಿಹೋಗುತ್ತಿತ್ತು. ಅಂಥವರಿಗಾಗಿ ಅವನು ಬೇರೆಯೇ ಕೋಣೆ ಸಜ್ಜುಮಾಡಿದ್ದ. ಅಲ್ಲಿ ಕೂತು ಆಡಿದ ಮಾತು ದನಿ ಬದಲಿಸಿಕೊಂಡು ಕೋರ್ಟ್ ಹಾಲಿಗೆ ಹೋಗುತ್ತಿತ್ತು. ದನಿ ಹದಕ್ಕೆ ಬರಲಿಲ್ಲವೆಂದರೆ ಮೈಕನ್ನು ಮನೆಗೇ ತರುತ್ತಿದ್ದ. ಮಲಗುವ ಕೋಣೆಯಲ್ಲಿ ಕೂತು ಅವಳು ಮೈಕಿಗೆ ಮಾತಾಡಬೇಕು, ಅವನು ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯಲ್ಲಿ ಕೇಳಬೇಕು.

"ಸಾಕ್ಷಿಗಳೇ, ನಿಮ್ಮ ಯಜಮಾನರು ಎಂಥವರು?" ಎಂದು ಅಲ್ಲಿಂದಲೇ ಕೂಗುತ್ತಿದ್ದ.

"ಗೊರಕೆ ಹೊಡೀತಾರೆ, ಸ್ವಾಮಿ."

"ಅದಕ್ಕೆ ಪುರಾವೆ?"

"ಪಕ್ಕದ ಮನೆಯವರನ್ನ ಕರೆಸಿ."

ಬಾಗಿಲಲ್ಲಿ ಅವನ ಅರ್ಧ ಮುಖ ಕಾಣಿಸುತ್ತಿತ್ತು. ಒಂದು ಹುಬ್ಬು ಹಾರಿಸಿ, ಅವಳು ದಿಂಬು ಎಸೆಯುವಷ್ಟರಲ್ಲಿ ಮಾಯ.

ವಿಶ್ವವಿದ್ಯಾಲಯದಲ್ಲಿ ಅವಳಿಗೆ ಪದಕ ಕೊಟ್ಟ ದಿನ ಅವನು ಬರಲಿಲ್ಲ. ಕೋರ್ಟಿನಲ್ಲಿ ಮೈಕು ಕೈಕೊಟ್ಟಿತ್ತಂತೆ. ಸಂಜೆ ಅದೇ ಮೈಕನ್ನು ಮನೆಗೆ ತಂದ. ಅವಳು ಬಿಗುಮಾನದಿಂದಲೇ ಮೈಕಿಗೆ ನಾಲ್ಕು ಮಾತಾಡಿ, ಅದನ್ನು ಹಾಸಿಗೆಯ ಮೇಲೆ ಬಿಸಾಕಿ, ಅಕ್ಕನಿಗೆ ಫೋನ್ ಹಚ್ಚಿದಳು.

"ಇವರನ್ನ ಕಟ್ಕೊಂಡಿದ್ದೇ ನಾನು ಮಾಡಿದ ದೊಡ್ಡ ತಪ್ಪು ಕಣೇ."

ಫೋನ್ ಇಟ್ಟ ಮೇಲೆ ಮೈಕು ಕಣ್ಣಿಗೆ ಬಿತ್ತು. ಆನ್ ಇದೆಯೋ ಆಫ್ ಆಗಿದೆಯೋ, ನೋಡಿದರೆ ತಿಳಿಯುವಂತಿರಲಿಲ್ಲ. ಅಡುಗೆಮನೆಗೆ ಹೋದಳು. ಹೆಡ್‌ಫೋನ್ ಅವನ ಕೊರಳಲ್ಲಿತ್ತು.

"ಟೀ ಮಾಡ್ಲಾ?" ಎಂದ, ಅವಳ ಮುಖ ನೋಡದೆ.

ಕೇಳಿಸಿತ್ತೇ? ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಆ ವಾರವೇ ಕೋರ್ಟಿನ ಮೆಟ್ಟಿಲ ಮೇಲೆ ಅವನ ಎದೆಬಡಿತ ನಿಂತುಹೋಯಿತು.

ಅವಳು ಕೋರ್ಟಿಗೆ ಹೋದಾಗ ಸಾಕ್ಷಿ ಕೋಣೆಯ ಕಾವಲಿಗೆ ಹಿರಿಯ ಮಹಿಳಾ ಪೇದೆಯೊಬ್ಬರಿದ್ದರು. ಮೂಲೆಯಲ್ಲಿ ಅಂಗಡಿಯ ಹೆಂಗಸೊಬ್ಬಳು ಕೈ ಹಿಸುಕುತ್ತ ಕೂತಿದ್ದಳು. ಇವತ್ತಿನ ಸಾಕ್ಷಿ ಆಕೆಯೇ.

ಇವಳು ಮನೆಯಿಂದ ತಂದ ಚೀಲದಿಂದ ಮೈಕು ತೆಗೆದಳು.

"ಅಯ್ಯೋ, ಇದಕ್ಕೂ ದೀಪ ಹಾಕಿಬಿಟ್ಟಿದ್ದಾರಲ್ಲಮ್ಮ!" ಎಂದರು ಪೇದೆ.

ಗುಂಡಿಯ ಪಕ್ಕದಲ್ಲಿ ಕಾಳಿನಷ್ಟು ಕೆಂಪು ದೀಪ. ಆ ಸಂಜೆ ಅದು ಇರಲಿಲ್ಲ.

"ಕೊನೇ ವಾರ ಎಲ್ಲಾ ಮೈಕಿಗೂ ಹಾಕ್ತಿದ್ರು. ಯಾಕೆ ಸಾರ್ ಈ ಒದ್ದಾಟ ಅಂದೆ. ಯಾರೋ ಒಬ್ರು ಮೈಕ್ ಆನ್ ಇರೋದು ಗೊತ್ತಿಲ್ದೆ ಮನಸ್ಸಿನ ಮಾತು ಆಡ್ಬಿಟ್ರಂತೆ. 'ಅವರದ್ದೇನೂ ತಪ್ಪಿಲ್ಲ. ತಕ್ಷಣ ಹೆಡ್‌ಫೋನ್ ತೆಗೀಬೇಕಿತ್ತು, ನಾನು ತೆಗೀಲಿಲ್ಲ. ಅವರ ಮುಖ ನೋಡೋಕೆ ನಾಚಿಕೆ ಆಗುತ್ತೆ' ಅಂದ್ರು."

ಅವಳು ಆ ದೀಪದ ಮೇಲೆ ಬೆರಳಾಡಿಸಿದಳು. ಒಂದೇ ಮನೆಯಲ್ಲಿ ಇಬ್ಬರೂ ಮುಖ ತಪ್ಪಿಸಿಕೊಂಡು ಓಡಾಡಿದ್ದರು.

"ಒಂದ್ಸಲ ಚೆಕ್ ಮಾಡ್ಬೇಕು. ಏನಾದ್ರೂ ಮಾತಾಡಮ್ಮ, ಕೋರ್ಟ್ ಹಾಲಲ್ಲಿ ಕೇಳಿಸ್ಕೊಳ್ಳೋರು ಇದ್ದಾರೆ," ಎಂದರು ಪೇದೆ.

ಗುಂಡಿ ಒತ್ತಿದಳು. ದೀಪ ಹತ್ತಿತು.

"ಆ ದಿನ ಹಾಗಂದಿದ್ದು ನಿಜ," ಎಂದಳು. "ಅದೊಂದು ಸಂಜೆ ಮಾತ್ರ ರೀ. ಮಿಕ್ಕ ದಿನವೆಲ್ಲ ನೀವು ಬಾಗಿಲಲ್ಲಿ ಇಣುಕೋದನ್ನೇ ಕಾಯ್ತಿದ್ದೆ. ಅದನ್ನ ಯಾರಿಗೂ ಹೇಳಿರ್ಲಿಲ್ಲ. ನಿಮಗೂ."

ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು. "ಕೇಳಿಸ್ತು ಮೇಡಂ. ಸ್ಪಷ್ಟವಾಗಿ ಕೇಳಿಸ್ತು."

ಮೂಲೆಯ ಹೆಂಗಸು ಕೈ ಹಿಸುಕುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು. ಮೈಕು ಹಿಡಿದವಳು ಅದನ್ನು ಆಫ್ ಮಾಡಿ, ಸೆರಗಿನಿಂದ ಒರೆಸಿ, ಪೇದೆಯ ಕೈಗಿಟ್ಟಳು.

"ಅವರು ಕಡ ತಂದಿದ್ದು. ಲೇಟಾಯ್ತು, ಕ್ಷಮಿಸಿ."