ಹನ್ನೆರಡನೆಯ ವಾಚು

ಏಳನೇ ಮಹಡಿ. ಗೋಡೆ ಇಲ್ಲ, ರೇಲಿಂಗ್ ಇಲ್ಲ. ಬರೀ ಸ್ಲ್ಯಾಬು, ಕಂಬ, ಗಾಳಿ.

ಅವನು ಅಂಚಿನಲ್ಲಿ ನಿಂತಿದ್ದ. ಕೈಯಲ್ಲಿ ಕಬ್ಬಿಣದ ಸರಳು. ಅದರ ಒಂದೇಟು ಆಗಲೇ ನನ್ನ ಭುಜಕ್ಕೆ ಬಿದ್ದಿತ್ತು.

ಮಟಮಟ ಮಧ್ಯಾಹ್ನ. ಕೆಲಸದವರೆಲ್ಲ ಊಟಕ್ಕೆ ಇಳಿದಿದ್ದರು. ಮಾರ್ಕೆಟ್ಟಿನಿಂದ ಅವನನ್ನು ಅಟ್ಟಿಸಿಕೊಂಡು ಬಂದು, ಅರ್ಧ ಕಟ್ಟಿದ ಆ ಬಿಲ್ಡಿಂಗ್ ಹತ್ತುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ಕಳುವಾದ ಮಾಲು ಹುಡುಕಿ ತರುವುದು ನನ್ನ ಕಸುಬು. ವಿಷಯ ಪೊಲೀಸರ ಕಿವಿಗೆ ಬೀಳಬಾರದು ಎನ್ನುವವರು ನನ್ನ ಹತ್ತಿರ ಬರುತ್ತಾರೆ. ಈ ಸಲ ಬಂದವರು ಬಟ್ಟೆ ಮಿಲ್ಲಿನ ಯಜಮಾನರು. ಹಳೆಯ ವಾಚುಗಳ ಹುಚ್ಚು. ಒಬ್ಬನೇ ಕೆಲಸಗಾರ ಕೈಯಾರೆ ಮಾಡಿದ ಹನ್ನೆರಡು ವಾಚುಗಳಲ್ಲಿ ಹನ್ನೊಂದು ಸಿಕ್ಕಿದ್ದವು. ಕೊನೆಯದಕ್ಕೆ ಹತ್ತೊಂಬತ್ತು ವರ್ಷ ಕಾದಿದ್ದರಂತೆ. ಅದು ಮನೆಗೆ ಬಂದ ದಿನವೇ ಮಾಯ!

ಕದ್ದವನು ಅವರ ಒಡಹುಟ್ಟಿದ ತಮ್ಮ.

ಸರಳು ಬಿಟ್ಟು ವಾಚು ಕೊಟ್ಟರೆ, ನಿಮ್ಮನ್ನು ನೋಡೇ ಇಲ್ಲ ಅನ್ನುತ್ತೇನೆ ಎಂದೆ. ಅವನು ನಕ್ಕ. ಸರಳು ಬಿಸಾಡಿ ಜೇಬಿಗೆ ಕೈಹಾಕಿದ.

"ಅಣ್ಣನಿಗೆ ಇದ್ರಲ್ಲಿ ಏನು ಸಿಗುತ್ತೆ ಅಂತ ನೋಡ್ಬೇಕಿತ್ತು. ಮೊದಲನೇ ದಿನ ನಂಗೆ ಊಟಾನೇ ಸೇರ್ಲಿಲ್ಲ, ಅಷ್ಟು ಖುಷಿ. ಒಂದು ವಾರ ಕಳೀತು... ಈಗ ಬರೀ ಟೈಮ್ ತೋರಿಸುತ್ತೆ. ಹಿಡ್ಕೊಳ್ಳಿ."

ಎಸೆದ. ಆ ರಭಸಕ್ಕೆ ಜಲ್ಲಿಯ ಮೇಲೆ ಅವನ ಕಾಲು ಜಾರಿತು.

ಇದನ್ನು ನಾನು ಯಾರಿಗೂ ಹೇಳಿಲ್ಲ, ಕೇಳಿ. ಅವನು ಕೈ ಚಾಚಿದ. ಒಂದು ಮಾರು ದೂರ, ಅಷ್ಟೇ. ಹಿಡಿಯಬಹುದಿತ್ತು.

ನನ್ನ ಎರಡೂ ಕೈ ವಾಚಿಗೆ ಹೋದವು.

ಅವನು ಕೂಗಲಿಲ್ಲ. ನನ್ನನ್ನೇ ನೋಡುತ್ತಾ ಹೋದ... ಈಗಲೂ ನೋಡುತ್ತಾನೆ. ನಾನು ಮುಖ ತೊಳೆಯುವಾಗ. ಲಿಫ್ಟಿನ ಬಾಗಿಲು ಮುಚ್ಚುವಾಗ.

ಕೆಳಗಿಳಿದು ನೋಡಿದರೆ ಉಸಿರಿರಲಿಲ್ಲ. ಪೊಲೀಸರು ಬಂದು ಹೇಳಿಕೆ ಬರೆಸಿಕೊಂಡರು. ವಾಚಿನ ಮಾತು ನಾನು ಎತ್ತಲಿಲ್ಲ. ಮನೆಯವರಿಗೆ ನಾನೇ ತಿಳಿಸುತ್ತೇನೆ ಎಂದು ಹೊರಟೆ.

ಯಜಮಾನರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ವಾಚು ಕಸಿದುಕೊಂಡರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಒಂದೇ ಒಂದು ಗುಳಿ ಖಾಲಿ ಇತ್ತು. ಅದರಲ್ಲಿಟ್ಟರು. ಮಗುವಿನ ಹಾಗೆ ಮುಖ ಅರಳಿತು.

ಗಾಜು ಒರೆಸಿದರು. ತೆಗೆದು ಮತ್ತೆ ಇಟ್ಟರು. ಇನ್ನೊಮ್ಮೆ ತೆಗೆದರು... ಅರಳಿದ ಮುಖ ನನ್ನ ಕಣ್ಣೆದುರೇ ಬಾಡಿತು. ಏನನ್ನೋ ಹುಡುಕುವವರಂತೆ ಪೆಟ್ಟಿಗೆಯ ತಳವನ್ನೆಲ್ಲ ತಡಕಾಡಿದರು. ತಮ್ಮನ ಸುದ್ದಿ ಮಾತ್ರ ಕೇಳಲಿಲ್ಲ.

"ಎಲ್ಲಾ ಸಿಕ್ಕಿಬಿಡ್ತಲ್ಲ," ಎಂದರು, ಹೆದರಿದವರ ಹಾಗೆ. "ಇನ್ನು ನಾನೇನು ಮಾಡ್ಲಿ?"

"ಚಪ್ಪಲಿ ಹಾಕ್ಕೊಳ್ಳಿ," ಎಂದೆ. "ಶವಾಗಾರದಲ್ಲಿ ಗುರುತು ಹಿಡಿಯೋಕೆ ಮನೆಯವರೇ ಬೇಕಂತೆ."