ಮಂಚದ ಕೆಳಗೆ ಆಡಿದ ಮಾತು

ಕೆಲವು ದಿನಗಳಿಂದ ಡ್ರೈವರ್ ತನ್ನತ್ತ ತಿರುಗಿಯೂ ನೋಡುತ್ತಿಲ್ಲ ಎಂದು ಕಂಡಕ್ಟರಮ್ಮನಿಗೆ ಮೈಯೆಲ್ಲ ಉರಿ. ಮೊದಲಾದರೆ ಅವಳು ಮುಂಬಾಗಿಲಲ್ಲಿ ನಿಂತು ಸೀಟಿ ಊದುವ ಮುನ್ನವೇ ದಪ್ಪ ಕನ್ನಡಕದೊಳಗಿಂದ ಒಂದು ಕಳ್ಳನೋಟ ಬರುತ್ತಿತ್ತು. ಅದಕ್ಕಾಗಿಯೇ ಅವಳು ಬೇಕೆಂತಲೇ ತಡಮಾಡಿ ಊದುತ್ತಿದ್ದಳು. ಈಗ ಎಡಗಡೆ ನಿಂತು ನಕ್ಕರೂ ಆಸಾಮಿ ಕಲ್ಲು.

"ಸಾಹೇಬ್ರಿಗೆ ನಮ್ಮ ಮುಖ ಬೇಜಾರಾಯ್ತೇನೋ," ಎಂದಳು ಡಿಪೋದಲ್ಲಿ.

ಅವನು ಕತ್ತನ್ನು ಪೂರ್ತಿ ತಿರುಗಿಸಿ ನೋಡಿದ. "ನಿಮ್ಮ ಮುಖ ಬೇಜಾರಾದ ದಿನ ಬಸ್ಸನ್ನ ಗೋಡೆಗೆ ಗುದ್ದಿಬಿಡ್ತೀನಿ, ಕಂಡಕ್ಟರಮ್ಮ."

ಅವಳು ನಕ್ಕಳು. ಕೋಪ ಮಾತ್ರ ಇಳಿಯಲಿಲ್ಲ.

ಮರುದಿನ ಮಾರ್ಕೆಟ್ ತಿರುವಿನಲ್ಲಿ ಎಡಗಡೆಯಿಂದ ಒಬ್ಬ ಮುದುಕಿ ರಸ್ತೆಗಿಳಿದಳು. ಬಸ್ಸು ನಿಧಾನವಾಗಲೇ ಇಲ್ಲ. "ಬ್ರೇಕ್! ಬ್ರೇಕ್ ಹಾಕ್ರೀ!" ಎಂದು ಕಂಡಕ್ಟರ್ ಕಿರುಚಿದಳು. ಬಸ್ಸು ನಿಂತಾಗ ಮುದುಕಿಗೂ ಬಂಪರಿಗೂ ನಡುವೆ ಗೇಣಗಲ ಜಾಗವಿತ್ತು.

ಜನರನ್ನೆಲ್ಲ ಹಿಂದಿನಿಂದ ಬಂದ ಬಸ್ಸಿಗೆ ಹತ್ತಿಸಿ ಅವಳು ಬಂದಾಗ ಅವನು ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದ. ಬೈಯಲು ಬಂದವಳು ಪಕ್ಕದಲ್ಲಿ ಕೂತಳು.

"ಎಡಗಣ್ಣಲ್ಲಿ ಮಿಂಚು ಹೊಡೀತಿತ್ತು. ಆಮೇಲೆ ನೊಣ ಹಾರಾಡಿದ ಹಾಗೆ ಕಪ್ಪು ಚುಕ್ಕಿ. ಈಗ ಪಕ್ಕದಿಂದ ಪರದೆ ಎಳೆದಂಗಿದೆ. ನೀವು ನಿಲ್ಲೋ ಜಾಗ ಆ ಪರದೆ ಹಿಂದೆ."

"ಯಾಕ್ರೀ ಹೇಳಲಿಲ್ಲ?"

"ಹೇಳಿದ್ರೆ ಬಸ್ಸಿಂದ ಇಳಿಸ್ತಾರೆ. ಇಳಿದ್ರೆ ನಿಮ್ಮನ್ನ ಎಲ್ಲಿ ನೋಡಲಿ?"

ಅದು ಪ್ರೀತಿಯ ಮಾತೆಂದು ಅವಳಿಗೆ ಗೊತ್ತಾಯಿತು. ಆ ಪ್ರೀತಿಗೆ ಇಂದು ಒಂದು ಜೀವ ಹೋಗುವುದರಲ್ಲಿತ್ತು ಎಂಬುದೂ ಗೊತ್ತಾಯಿತು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಹನಿ ಹಾಕಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರೋ ತೆಳು ಪೊರೆ, ರೆಟಿನಾ, ಹರಿದು ಕಿತ್ತು ಬಂದಿದೆ. ಮಿಂಚು ಕಂಡಾಗಲೇ ಬಂದಿದ್ರೆ ಲೇಸರಲ್ಲೇ ಮುಗೀತಿತ್ತೋ ಏನೋ. ಈಗ ಆಪರೇಷನ್ ಮಾಡಿ ಒಳಗೆ ಗ್ಯಾಸ್ ತುಂಬ್ತೀವಿ. ಆ ಗುಳ್ಳೆ ಪೊರೆನ ಒತ್ತಿ ಹಿಡೀಬೇಕಾದ್ರೆ ನೀವು ಬೋರಲಾಗೇ ಮಲಗಿರಬೇಕು."

ಬಲಗಣ್ಣಲ್ಲೂ ಪೊರೆ ಅಲ್ಲಲ್ಲಿ ತೆಳುವಾಗಿತ್ತು. ಅದಕ್ಕೆ ಲೇಸರ್ ಹಾಕಿದರು.

ಆಪರೇಷನ್ ಆದಮೇಲೆ ಅವನು ಅಕ್ಕನ ಮನೆಯಲ್ಲಿ ಬೋರಲು ಬಿದ್ದ. ಮುಖ ಮಂಚದ ಅಂಚಿನಾಚೆ, ನೆಲದ ಕಡೆ. ಡ್ಯೂಟಿ ಮುಗಿಸಿ ಬಂದ ಕಂಡಕ್ಟರ್ ಯೂನಿಫಾರ್ಮಿನಲ್ಲೇ ಚಾಪೆ ಹಾಸಿ, ಆ ಮುಖದ ಕೆಳಗೆ ಅಂಗಾತ ಮಲಗಿದಳು. ಬಾಗಿಲಿಗೆ ಬಂದ ಅಕ್ಕ, "ನಾನೇನೂ ನೋಡಲಿಲ್ಲಪ್ಪ," ಎನ್ನುತ್ತಾ ಅಡುಗೆಮನೆಗೆ ಹೋದಳು.

"ಹೊಸ ಡ್ರೈವರ್ ಹೇಗೆ?" ಎಂದ ಅವನು.

"ಪರವಾಗಿಲ್ಲ. ಗುಂಡಿ ತಪ್ಪಿಸ್ತಾನೆ."

"ನಿಮ್ಮನ್ನ ನೋಡ್ತಾನಾ?"

"ರಸ್ತೆ ನೋಡ್ತಾನೆ, ಪುಣ್ಯಾತ್ಮ."

ಅವನು ನಕ್ಕ. ಬಲಗಣ್ಣಿನಿಂದ ಒಂದು ಹನಿ ಅವಳ ಕೆನ್ನೆಗೆ ಬಿತ್ತು. ನಗುವಿನದೋ ಅಲ್ಲವೋ, ಅವಳು ಒರೆಸಿಕೊಳ್ಳಲಿಲ್ಲ.

"ನಿಮ್ಮನ್ನ ಕಂಡ್ರೆ ನನಗೆ ಪ್ರಾಣ," ಎಂದ, ತುಂಬ ಮೆಲ್ಲಗೆ.

"ಗೊತ್ತು. ಅಲುಗಾಡಬೇಡಿ."

ಗುಳ್ಳೆ ಕರಗಿತು. ದೃಷ್ಟಿ ಬರಲಿಲ್ಲ. ಒಳಗಿನ ಗಾಯ ಬಿಗಿದುಕೊಂಡು ಪೊರೆಯನ್ನು ಮತ್ತೆ ಕಿತ್ತಿತ್ತು. "ಇನ್ನೊಂದ್ಸಲ ಪ್ರಯತ್ನ ಮಾಡಬಹುದು, ಹೆಚ್ಚು ಆಸೆ ಇಟ್ಕೋಬೇಡಿ," ಎಂದರು ಡಾಕ್ಟರಮ್ಮ. ಅದನ್ನೂ ಮಾಡಿಸಿದರು. ಎಡಗಣ್ಣಿಗೆ ಕತ್ತಲು ಬೆಳಕಿನ ವ್ಯತ್ಯಾಸವಷ್ಟೇ ಉಳಿಯಿತು. ಡಿಪೋದವರು ಅವನನ್ನು ಸ್ಟೋರಿಗೆ ಹಾಕಿದರು.

ಟೈರುಗಳ ನಡುವೆ ಕೂತಿದ್ದವನು ಒಂದು ಮಧ್ಯಾಹ್ನ, "ನನ್ನನ್ನ ಬಿಟ್ಟುಬಿಡಿ. ಇನ್ನೊಂದು ಕಣ್ಣೂ ಹೀಗೇ ಹೋದ್ರೆ?" ಎಂದ.

"ಹೋಗಬಹುದು," ಎಂದಳು. ಸುಳ್ಳು ಸಮಾಧಾನ ಅವಳ ಬಾಯಲ್ಲಿ ಬರಲಿಲ್ಲ. "ಹೋದ್ರೂ ಪಕ್ಕದಲ್ಲೇ ಇರ್ತೀನಿ, ಹೆಂಡತಿಯಾಗಿ. ಇನ್ನೊಂದ್ಸಲ ಮುಚ್ಚಿಟ್ರೆ ಮಾತ್ರ ಆ ಕ್ಷಣ ಎದ್ದು ಹೋಗ್ತೀನಿ."

"ಮುಚ್ಚಿಡಲ್ಲ ಕಣೇ."

ಆ 'ಕಣೇ' ಇಬ್ಬರಿಗೂ ಹೊಸದು.

"ಹಾಗಾದ್ರೆ ಈಗಲೇ ಹೇಳು. ಎಡಗಣ್ಣಲ್ಲಿ ನಾನು ಎಷ್ಟು ಕಾಣ್ತೀನಿ?"

ಅವನು ಬಲಗಣ್ಣು ಮುಚ್ಚಿಕೊಂಡ. "ಇಲ್ಲ. ಕಾಣ್ತಿಲ್ಲ."

"ಹೀಗೆ ಹೇಳಿದ್ರೆ ಸಾಕು," ಎಂದು ಅವಳು ಆ ಮುಚ್ಚಿದ ರೆಪ್ಪೆಯ ಮೇಲೆ ತುಟಿಯಿಟ್ಟಳು. ಗ್ರೀಸು ಮೆತ್ತಿದ ಕೈ ಅವಳ ಖಾಕಿ ತೋಳನ್ನು ಹಿಡಿದುಕೊಂಡಿತು. ಹೊರಗೆ ಹೊಸ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಅವಳು ಬೇಗ ಏಳಲಿಲ್ಲ.