ರಾಜಸಾಳುವದ ಒಡಲು

ಮಹಾನವಮಿ ಹತ್ತಿರವಾದಂತೆ ಹೊಂಬುಳಿಗೆಯ ಕೋಟೆಕೊತ್ತಲಗಳ ಮೇಲೆ ಧ್ವಜಗಳೇರಿ, ರಾಜಬೀದಿಗಳಲ್ಲಿ ತೋರಣಗಳು ತೂಗಿ, ಪಟ್ಟದಾನೆಗಳ ಹಣೆಗೆ ಬಣ್ಣ ಬೀಳುತ್ತಿದ್ದರೂ, ಆ ಬೆಳಗ್ಗೆ ನಗರದಲ್ಲಿ ಯಾರ ಮನಸ್ಸೂ ಹಬ್ಬದ ಮೇಲಿರಲಿಲ್ಲ. ಹೂವಾಡಗಿತ್ತಿಯರು ಕಟ್ಟಿದ ಮಾಲೆಯನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಕಾವಲಿನ ಭಟರು ಕಾರಣವಿಲ್ಲದೆ ಒಬ್ಬರ ಮೇಲೊಬ್ಬರು ರೇಗುತ್ತಿದ್ದರು. ಅರಸ ಕಲಿದೇವರಸರ ಮೆಚ್ಚಿನ ಬೇಟೆಹಕ್ಕಿಯಾದ ರಾಜಸಾಳುವ ಸತ್ತಿತ್ತು. ಅದಕ್ಕೆ ವಿಷವಿಕ್ಕಿದರೆಂಬ ಆರೋಪದ ಮೇಲೆ ಅರಸರ ತಮ್ಮ ಬೀರರಸರ ಕಣ್ಣುಗಳನ್ನು ಮಧ್ಯಾಹ್ನಕ್ಕೆ ಕೀಳಿಸಬೇಕೆಂದು ಆಜ್ಞೆಯಾಗಿತ್ತು.

ಆರೋಪ ಹೊರಿಸಿದವನು ದಂಡನಾಥ ಕೇತಿಮಯ್ಯ. ಸಂತಾನವಿಲ್ಲದ ಅರಸರ ತರುವಾಯ ಪಟ್ಟ ಬೀರರಸರಿಗೆ; ಕುರುಡನಿಗೆ ಪಟ್ಟವಿಲ್ಲವಾದ್ದರಿಂದ, ಅವರ ಕಣ್ಣು ಹೋದರೆ ಅರಸರ ದಾಯಾದಿಯೂ ಕೇತಿಮಯ್ಯನ ಅಳಿಯನೂ ಆದವನಿಗೆ. ಇಂಥವನಿಗೆ ಹಕ್ಕಿಯ ಮೇಲೆ ಉಕ್ಕಿದ ಕರುಣೆಯನ್ನು ಏನೆಂದು ವರ್ಣಿಸಲಿ! ಹಕ್ಕಿ ದಿನವೂ ಹೊಟ್ಟೆತುಂಬ ತಿಂದೂ ಸೊರಗಿ ಸತ್ತಿತು, ತಿನ್ನಿಸುತ್ತಿದ್ದವರು ಕುಮಾರ ಬೀರರಸರೇ, ಮುಂದಿನ ಸರದಿ ಪ್ರಭುಗಳದೇ ಎಂದು ಅವನು ಅರಸರ ಕಿವಿಯೂದಿದ್ದ.

ಸುದ್ದಿ ಕೇಳಿದಾಗಿನಿಂದ ಸಾಳುವಶಾಲೆಯ ಅಧಿಕಾರಿ ಬಮ್ಮಯ್ಯನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕಾಡಿನಿಂದ ಹಿಡಿದು ತಂದ ಹಕ್ಕಿಗೆ ಮಾಂಸದಲ್ಲಿ ವಾಯುವಿಳಂಗದ ಪುಡಿ ಸೇರಿಸಿ ತಿನ್ನಿಸಿ, ಹೊಟ್ಟೆಯ ಹುಳುವೆಲ್ಲ ಬಿದ್ದುಹೋದ ಮೇಲೆಯೇ ಅರಮನೆಗೆ ಒಪ್ಪಿಸುವುದು ಆ ಶಾಲೆಯ ಪದ್ಧತಿ. ಆದರೆ ಮದ್ದು ತಿಂದ ಹಕ್ಕಿ ಕೆಲವು ಕಾಲ ಗರಿ ಕೆದರಿಕೊಂಡು ಮಂಕಾಗಿ ಕೂರುತ್ತದೆ. ಈ ಹಕ್ಕಿಯ ಠೀವಿಗೆ ಮರುಳಾಗಿದ್ದ ಬಮ್ಮಯ್ಯ, ಅರಸರ ಮೊದಲ ನೋಟಕ್ಕೆ ಅದು ಮಂಕಾಗಿ ಕಾಣಬಾರದೆಂದು ಮದ್ದು ಹಾಕದೆಯೇ ಒಪ್ಪಿಸಿಬಿಟ್ಟಿದ್ದ. ಹಬ್ಬ ಕಳೆದ ಮೇಲೆ ಹಾಕಿದರಾಯಿತು ಎಂದುಕೊಂಡಿದ್ದ.

ಹಕ್ಕಿಯ ಒಡಲು ಸೀಳಿದರೆ ಸತ್ಯ ಕಣ್ಣಿಗೇ ಕಾಣುತ್ತಿತ್ತು. ಆದರೆ ರಾಜಮುದ್ರೆಯ ಬಳೆ ತೊಟ್ಟ ಹಕ್ಕಿ ಅರಸರ ತೋಳಿಗೆ ಸಮಾನ. ಸತ್ತ ಮೇಲೂ ಅದಕ್ಕೆ ಕತ್ತಿ ತಾಗಿಸಿದವನ ಬಲಗೈ ಕಡಿಯುವುದು ಆ ರಾಜ್ಯದ ಕಟ್ಟಳೆ. ಬಮ್ಮಯ್ಯ ಅರಮನೆಯ ಬಾಗಿಲವರೆಗೆ ಹೋದ, ಹಿಂದಿರುಗಿದ, ಮತ್ತೆ ಹೋದ. ಬಿಸಿಲು ಏರುತ್ತಲೇ ಇತ್ತು.

ಅರಮನೆಯ ಅಂಗಳದಲ್ಲಿ ಗಂಧದ ಚಿತೆಯ ಮೇಲೆ ಹಕ್ಕಿಯನ್ನು ಮಲಗಿಸಿದ್ದರು. ಕಟ್ಟಿಹಾಕಿದ್ದ ಬೀರರಸರು ಪಕ್ಕದಲ್ಲೇ, ಅರಸರೂ ಕೇತಿಮಯ್ಯನೂ ಎದುರಿಗೆ ನಿಂತಿದ್ದರು. ಬಮ್ಮಯ್ಯ ಕೊನೆಯ ಬಾರಿ ನಮಸ್ಕರಿಸುವವನಂತೆ ಬಾಗಿ, ಸೊಂಟದ ಚೂರಿ ಸೆಳೆದು, ಭಟರು ಹಿಡಿಯುವಷ್ಟರಲ್ಲಿ ಒಡಲನ್ನು ಸೀಳಿಬಿಟ್ಟ. ಒದ್ದೆ ನೂಲಿನ ಉಂಡೆಯಂತೆ ಬಿಳಿಯ ಹುಳುಗಳು ಕರುಳಿನುದ್ದಕ್ಕೂ ಹೆಣೆದುಕೊಂಡಿದ್ದವು.

ಅವು ಹೆಣ ಕೊಳೆತು ಹುಟ್ಟಿದ ಹುಳುಗಳೆಂದು ಕೇತಿಮಯ್ಯ ವಾದಿಸಿದ. ರಾಜವೈದ್ಯ ನಾಗಾರ್ಯರು ಬಂದು ನೋಡಿ, ಹಕ್ಕಿ ಬದುಕಿದ್ದಾಗಲೇ ಹುಳುಗಳಿಂದ ಕರುಳು ಕಟ್ಟಿಹೋಗಿದೆ, ತಿಂದದ್ದೆಲ್ಲ ಇವುಗಳ ಪಾಲಾಗಿದೆ, ವಿಷದ ಗುರುತು ಎಲ್ಲೂ ಇಲ್ಲ ಎಂದರು. ಹಾಗಾದರೆ ಹುಳುವಿಗೆ ಮದ್ದು ಹಾಕದವರು ಯಾರೆಂದು ಕೇತಿಮಯ್ಯ ತಿರುಗಿ ಕೇಳಿದ.

"ನಾನು, ಪ್ರಭು," ಎಂದ ಬಮ್ಮಯ್ಯ, ಅರಸರತ್ತ ತಿರುಗಿ. "ಕುಮಾರರ ತಪ್ಪೇನೂ ಇಲ್ಲ."

ಅರಸರು ತಮ್ಮನ ಕಟ್ಟು ಬಿಚ್ಚಿಸಿದರು. ಕೇತಿಮಯ್ಯನಿಂದ ಅಧಿಕಾರಮುದ್ರೆಯನ್ನು ಕಿತ್ತುಕೊಂಡು ಸೆರೆಗೆ ತಳ್ಳಿಸಿದರು. ಆಮೇಲೆ ಬಮ್ಮಯ್ಯನತ್ತ ತಿರುಗಿದರು.

"ಸುಮ್ಮನಿದ್ದಿದ್ದರೆ ನಿನ್ನ ತಪ್ಪೂ ಮುಚ್ಚಿಹೋಗುತ್ತಿತ್ತು, ಕೈಯೂ ಉಳಿಯುತ್ತಿತ್ತಲ್ಲ, ಬಮ್ಮಯ್ಯ."

"ಹಕ್ಕಿ ಹೊರಲು ಎಡಗೈಯನ್ನು ಪಳಗಿಸಿಕೊಳ್ಳುತ್ತೇನೆ, ಪ್ರಭು. ಕುಮಾರರ ಕಣ್ಣುಗಳನ್ನು ಎಲ್ಲಿಂದ ತರಲಿ?"

ಬೀರರಸರು ಅಣ್ಣನ ಕಾಲು ಹಿಡಿದು ಬೇಡಿದರು. ಅರಸರ ಕಣ್ಣಲ್ಲಿ ನೀರಿತ್ತು. ಕಟ್ಟಳೆಯನ್ನು ಮಾತ್ರ ಸಡಿಲಿಸಲಿಲ್ಲ. ಇಂಥ ನ್ಯಾಯಕ್ಕೆ ನನ್ನ ಹೊಟ್ಟೆ ಉರಿಯುತ್ತದೆ, ಆದರೆ ನಡೆದದ್ದು ಹೀಗೆ. ಬಮ್ಮಯ್ಯನ ಬಲಗೈಯನ್ನು ದಿಮ್ಮಿಯ ಮೇಲಿಟ್ಟಾಗ ಅವನನ್ನು ಹಿಂದಿನಿಂದ ತಬ್ಬಿ ಹಿಡಿದು ನಿಂತವರು ಬೀರರಸರು. ನೋಡಬೇಡಿ, ಕಣ್ಣು ಮುಚ್ಚಿಕೊಳ್ಳಿ ಎಂದು ಬಮ್ಮಯ್ಯನೇ ಅವರಿಗೆ ಹೇಳಿದ. ಅವರು ಮುಚ್ಚಲಿಲ್ಲ.